ಫಾಂಗ್‌ನ್ಗಾ ಕೊಲ್ಲಿಯ ಕಡಲಗುಹೆ ವಿಹಾರ: ಸೇವಾ ನ್ಯೂನತೆ ಕುರಿತು ದೂರು

ಇವರಿಂದ:
ಫುಕೆಟ್ ಪ್ರವಾಸ ತಂಡದ ಸದಸ್ಯರು, ಬೆಂಗಳೂರು

ಇವರಿಗೆ:
ವ್ಯವಸ್ಥಾಪಕರು,
ವಿದೇಶ ಪ್ರವಾಸ ವಿಭಾಗ, ಬೆಂಗಳೂರು

ವಿಷಯ: ಥಾಯ್ಲೆಂಡಿನ ಫಾಂಗ್‌ನ್ಗಾ ಕೊಲ್ಲಿಯ ಸುಣ್ಣಕಲ್ಲಿನ ಕಡಲಗುಹೆಗಳನ್ನು ತೋರಿಸದೇ ಇದ್ದುದು, ಹಣ ವಾಪಸಾತಿ, ಮತ್ತು ಕಾರ್ಯಕ್ರಮ ಪಟ್ಟಿಯ ತಿದ್ದುಪಡಿ.

ಮಾನ್ಯರೇ,

ತಮ್ಮ ಫುಕೆಟ್ ಪ್ಯಾಕೇಜಿನ ಬಿಲ್ಲಿನಲ್ಲಿ 'ಕಡಲಗುಹೆಗಳ ಒಳಗೆ ಕೆನೂ ಪಯಣ' ಎಂದು ಪ್ರತ್ಯೇಕ ಸಾಲು ಹಾಕಿ ಹಣ ಪಡೆದಿದ್ದೀರಿ. ಗುಹೆಯ ಒಳಗೆ ತಂಡದ ಒಬ್ಬರೂ ಹೋಗಲಿಲ್ಲ. ಕೊ ಪನಾಕ್ ದ್ವೀಪದ ಬಂಡೆಗೋಡೆಯ ಪಕ್ಕ ಕೆನೂಗಳನ್ನು (ಗಾಳಿ ತುಂಬಿದ ಸಣ್ಣ ರಬ್ಬರ್ ದೋಣಿಗಳು) ಅರ್ಧ ಗಂಟೆ ತೇಲಿಸಿ, ಎಲ್ಲರನ್ನೂ ವಾಪಸು ದೊಡ್ಡ ದೋಣಿಗೆ ಹತ್ತಿಸಲಾಯಿತು. ಕೇಳಿದಾಗ ತಮ್ಮ ಸಿಬ್ಬಂದಿ ಫೋನಿನಲ್ಲಿ ಕೊಟ್ಟ ಉತ್ತರ: "ನೀರು ಜಾಸ್ತಿ ಇತ್ತು ಸಾರ್, ಪ್ರಕೃತಿ ನಮ್ಮ ಕೈಲಿಲ್ಲ." ಆಮೇಲೆ ಬಂದ ಇ-ಮೇಲಿನಲ್ಲಿ ಅದೇ ಮಾತು 'ಕೈಮೀರಿದ ನೈಸರ್ಗಿಕ ಕಾರಣ' ಎಂಬ ಗಂಭೀರ ವೇಷ ತೊಟ್ಟು ಬಂದಿದೆ, ಹಣ ವಾಪಸಿಲ್ಲ ಎಂಬ ಷರತ್ತಿನ ಸಮೇತ. ಈ ಪತ್ರದ ಮುಖ್ಯ ತಕರಾರು ಆ ಒಂದು ವಾಕ್ಯದ ಮೇಲೆ.

ಉಬ್ಬರಕ್ಕೆ ಗ್ರಹಣದಷ್ಟೇ ಖಚಿತವಾದ ಲೆಕ್ಕವಿದೆ. ಥಾಯ್ ನೌಕಾಪಡೆಯ ಜಲಮಾಪನ ಇಲಾಖೆ ಉಬ್ಬರ-ಇಳಿತದ ಪಟ್ಟಿಯನ್ನು ಮುಂಚಿತವಾಗಿಯೇ ಪ್ರಕಟಿಸುತ್ತದೆ. ಫುಕೆಟ್ ಭಾಗಕ್ಕೆ ಕೊ ತಪಾವ್ ನೋಯಿ ಎಂಬ ಪುಟ್ಟ ದ್ವೀಪದ ಲೆಕ್ಕ ಸಿಗುತ್ತದೆ. ಅದನ್ನು ಹುಡುಕುವ ವ್ಯವಧಾನ ಇಲ್ಲದಿದ್ದರೆ ಗೋಡೆಗೆ ತೂಗುಹಾಕಿದ ಪಂಚಾಂಗದ ಕ್ಯಾಲೆಂಡರ್ ನೋಡಿದರೂ ನಡೆಯುತ್ತಿತ್ತು. ಅಂಡಮಾನ್ ಸಮುದ್ರದ ಆ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತಾ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ತುಂಬು ಉಬ್ಬರ ಬೀಳುವುದು ಬೆಳಗ್ಗೆ ಮತ್ತು ರಾತ್ರಿ ಹತ್ತು-ಹನ್ನೊಂದರ ಸುಮಾರಿಗೆ; ಪೂರ್ತಿ ಇಳಿತ ಸಂಜೆ ನಾಲ್ಕು-ಐದಕ್ಕೆ. ಅಷ್ಟಮಿಯ ಹೊತ್ತಿಗೆ ಇದು ಹೆಚ್ಚುಕಡಿಮೆ ತಿರುವುಮುರುವಾಗುತ್ತದೆ. ನಮ್ಮ ಗುಹಾ ವಿಹಾರವನ್ನು ತಾವು ಇಟ್ಟದ್ದು ಹುಣ್ಣಿಮೆಯ ಮರುದಿನ, ಕೊ ಪನಾಕ್ ತಲುಪುವ ಸಮಯ 10.30. ವರ್ಷದ ಯಾವ ದಿನ ಹೋದರೂ ತಮ್ಮ ಪಟ್ಟಿಯಲ್ಲಿ ಆ 10.30 ಬದಲಾಗುವುದಿಲ್ಲ ಎಂಬುದನ್ನು ತಮ್ಮದೇ ವೆಬ್‌ಸೈಟ್ ಹೇಳುತ್ತದೆ.

ಅದರಿಂದ ಏನಾಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗಿದೆ, ಏಕೆಂದರೆ ಕಾರ್ಯಕ್ರಮ ಬರೆದವರು ಆ ಗುಹೆಗಳ ರಚನೆ ತಿಳಿದು ಬರೆದಂತಿಲ್ಲ. ಪನಾಕ್‌ನಲ್ಲಿ ಜನ ನೋಡಬಯಸುವುದು ಥಾಯ್ ಭಾಷೆಯಲ್ಲಿ 'ಹಾಂಗ್', ಅಂದರೆ ಕೋಣೆ, ಎಂದು ಕರೆಯುವ ಜಾಗಗಳನ್ನು. ಸುಣ್ಣಕಲ್ಲಿನ ಗುಡ್ಡದೊಳಗಿನ ಗುಹೆಯ ಚಾವಣಿ ಕಾಲಾಂತರದಲ್ಲಿ ಕುಸಿದು ಬಿದ್ದಿದೆ. ಮೇಲೆ ಆಕಾಶ, ಸುತ್ತಲೂ ಕಡಿದಾದ ಗೋಡೆ, ಕೆಳಗೆ ಕಡಲ ನೀರು, ಅದರಲ್ಲಿ ಕಾಂಡ್ಲಾ ಗಿಡಗಳು. ಹೊರಗಿನ ಕಡಲಿನಿಂದ ಅಲ್ಲಿಗೆ ಹೋಗಲು ಗುಡ್ಡದ ಬುಡ ಕೊರೆದ ಸುರಂಗವೇ ದಾರಿ. ನೀರು ಏರಿದಾಗ ಸುರಂಗದ ಚಾವಣಿಗೂ ನೀರಿಗೂ ನಡುವೆ ಜಾಗ ಉಳಿಯುವುದಿಲ್ಲ. ಪೂರ್ತಿ ಇಳಿದಾಗ ತಳದ ಕೆಸರು, ಬಂಡೆ ಮೇಲೆದ್ದು ಕೆನೂ ತೇಲುವುದಿಲ್ಲ. ಎರಡರ ನಡುವಿನ ಹೊತ್ತಿನಲ್ಲಿ ಮಾತ್ರ ದಾರಿ ತೆರೆದಿರುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ನೀರಿನ ಏರಿಳಿತ ಎರಡೂವರೆ ಮೀಟರಿನ ಆಸುಪಾಸು ಇರುವುದರಿಂದ ಆ ಹೊತ್ತು ಬೇಗ ಬಂದು ಬೇಗ ಮುಗಿಯುತ್ತದೆ. ಮಂಗಳೂರು ಕಡೆಯ ಏರಿಳಿತ ಇದಕ್ಕಿಂತ ಕಡಿಮೆ. ನಮ್ಮ ಕರಾವಳಿಯ ಅಂದಾಜು ಅಲ್ಲಿ ನಡೆಯುವುದಿಲ್ಲ.

ದೋಣಿಯ ಮೇಲಿದ್ದ ಗೈಡ್ "ಅರ್ಧ ಗಂಟೆ ಕಾಯಿರಿ, ನೀರು ಇಳಿಯುತ್ತದೆ" ಎಂದದ್ದನ್ನು ತಮ್ಮ ಇ-ಮೇಲ್ 'ನಮ್ಮ ಕಡೆಯಿಂದ ಆದ ಪ್ರಾಮಾಣಿಕ ಪ್ರಯತ್ನ' ಎಂದು ವರ್ಣಿಸಿದೆ. ಕಡಲಿನವರು ಇಳಿತವನ್ನು ಹನ್ನೆರಡು ಪಾಲು ಮಾಡಿ ಲೆಕ್ಕ ಹಾಕುತ್ತಾರೆ: ಮೊದಲ ಗಂಟೆಯಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕನೆಯ ಗಂಟೆಗಳಲ್ಲಿ ಮೂರು ಮೂರು, ಐದರಲ್ಲಿ ಎರಡು, ಆರರಲ್ಲಿ ಒಂದು. ಎರಡೂವರೆ ಮೀಟರಿಗೆ ಇದನ್ನು ಹಾಕಿ ನೋಡಿ. ಮೊದಲ ಗಂಟೆಯಲ್ಲಿ ಇಳಿಯುವುದು 20 ಸೆಂಟಿಮೀಟರಿನಷ್ಟು, ಅದರಲ್ಲೂ ಮೊದಲ ಅರ್ಧ ಗಂಟೆಯಲ್ಲಿ ಎರಡು ಮೂರು ಬೆರಳು. ಮೂರು ಗಂಟೆ ಕಳೆದ ಮೇಲೆ ನೀರು ಸುಮಾರು 1.25 ಮೀಟರ್ ಕೆಳಗಿರುತ್ತದೆ. ಹಾಗಾಗಿ ಆ ದಿನ ಗುಹೆಗೆ ಸರಿಯಾದ ಹೊತ್ತು ಮಧ್ಯಾಹ್ನ ಒಂದೂವರೆಯಿಂದ ಮೂರೂವರೆಯ ನಡುವೆ ಎಲ್ಲೋ ಇತ್ತು. ಆ ಹೊತ್ತಿನಲ್ಲಿ ತಮ್ಮ ದೋಣಿ ಜೇಮ್ಸ್ ಬಾಂಡ್ ದ್ವೀಪದ ಅಂಗಡಿಸಾಲಿನ ಮುಂದೆ, ಆಮೇಲೆ ಕೊ ಲಾವಾ ದ್ವೀಪದ ಮರಳಿನ ಪಕ್ಕ ನಿಂತಿತ್ತು. ಎರಡಕ್ಕೂ ಉಬ್ಬರದ ಹಂಗು ಅಷ್ಟಾಗಿ ಇಲ್ಲ. ಅವನ್ನು ಬೆಳಗ್ಗೆ ಮುಗಿಸಿ ಗುಹೆಯನ್ನು ಊಟದ ನಂತರಕ್ಕೆ ಹಾಕಿದ್ದರೆ ಅದೇ ದೋಣಿ, ಹೆಚ್ಚುಕಡಿಮೆ ಅದೇ ಡೀಸೆಲ್, ಅದೇ ಜನ ಸಾಕಾಗುತ್ತಿತ್ತು. ಬೇಕಾಗಿದ್ದದ್ದು ಕಾರ್ಯಕ್ರಮ ಪಟ್ಟಿಯ ಎರಡು ಸಾಲುಗಳನ್ನು ಅದಲುಬದಲು ಮಾಡುವುದು. ಇದನ್ನು ಪ್ರಕೃತಿಯ ತಲೆಗೆ ಕಟ್ಟುವುದು ನ್ಯಾಯವಲ್ಲ.

ಕಾಯುತ್ತಿದ್ದ ಆ ಅರ್ಧ ಗಂಟೆಯಲ್ಲಿ ನಡೆದದ್ದು ಇನ್ನೂ ಗಂಭೀರ. ಸಣ್ಣ ಸುರಂಗವೊಂದರ ಬಾಯಲ್ಲಿ ಎರಡು ಕೆನೂಗಳ ಗಾಳಿ ಸ್ವಲ್ಪ ಬಿಟ್ಟು, ಜನರನ್ನು ಅಂಗಾತ ಮಲಗಿಸಿ ಒಳಗೆ ನುಗ್ಗಿಸಲು ನೋಡಿದರು. ಗಾಳಿ ಬಿಡುವುದೇ ತಪ್ಪೆಂದು ನಾವು ಹೇಳುತ್ತಿಲ್ಲ. ಅನುಭವಿ ಹುಟ್ಟುಗಾರರು ನೀರು ಇಳಿಯುತ್ತಿರುವಾಗ, ಒಂದೆರಡು ಗೇಣು ಜಾಗ ಇರುವಲ್ಲಿ ಹಾಗೆ ಮಾಡುವುದುಂಟು. ನೀರು ಚಾವಣಿಗೆ ಮುಟ್ಟುವಂತಿದ್ದಾಗ ಹೊರಗೆ ಹಾದುಹೋದ ಒಂದು ಸ್ಪೀಡ್‌ಬೋಟಿನ ಅಲೆ ಸಾಕು, ಕೆನೂ ಮೇಲೆದ್ದು ಮಲಗಿದವರ ಮುಖ ಬಂಡೆಗೆ ಉಜ್ಜುತ್ತದೆ. ಉಬ್ಬರ ಇಳಿತದ ನಡುವಿನ ಆ ಪಟ್ಟಿಯಲ್ಲಿ ಬಂಡೆಯ ತುಂಬ ಸಿಂಪಿ ಚಿಪ್ಪುಗಳು ಅಂಟಿರುತ್ತವೆ, ಅಂಚು ಬ್ಲೇಡಿನಷ್ಟು ಹರಿತ. ಗೋಡೆ ಹಿಡಿದು ಕೆನೂ ನಿಲ್ಲಿಸಲು ಹೋದ ಇಬ್ಬರ ಅಂಗೈ ಸೀಳಿದೆ. ಗೋಡೆ ಮುಟ್ಟಬೇಡಿ, ಕೈ ಒಳಗಿಡಿ ಎಂದು ಜೆಟ್ಟಿಯಲ್ಲೇ ಹೇಳಬೇಕಾದ ಮಾತು ಅದು, ಯಾರೂ ಹೇಳಲಿಲ್ಲ. ದೋಣಿಯ ಪ್ರಥಮ ಚಿಕಿತ್ಸೆ ಪೆಟ್ಟಿಗೆಯಲ್ಲಿ ಬ್ಯಾಂಡೇಜ್ ಇತ್ತು, ನಂಜುನಿರೋಧಕ ಇರಲಿಲ್ಲ. ಚಿಪ್ಪಿನ ಗಾಯದಲ್ಲಿ ಚೂರು, ಕೊಳೆ ಉಳಿದು ಕೀವಾಗುವ ಸಂಭವ ಹೆಚ್ಚು. ಶುದ್ಧ ನೀರಿನಲ್ಲಿ ಚೆನ್ನಾಗಿ ತೊಳೆಯದೆ ಬ್ಯಾಂಡೇಜ್ ಸುತ್ತಿದರೆ ಆಗುವುದು ಕೇಡೇ.

ಒಂದು ಕೆನೂಗೆ ಇಬ್ಬರು ಪ್ರವಾಸಿಗಳು, ಹಿಂದೆ ಒಬ್ಬ ಹುಟ್ಟುಗಾರ ಎಂದು ತಮ್ಮ ಕೈಪಿಡಿಯೇ ಹೇಳುತ್ತದೆ. ಅಲ್ಲಿ ಮೂವರನ್ನು ಕೂರಿಸಿದರು. ಭಾರ ಹೆಚ್ಚಿದ ರಬ್ಬರ್ ಕೆನೂ ನೀರಿನಲ್ಲಿ ಕೆಳಗೆ ಕೂರುತ್ತದೆ, ತಿರುಗಿಸಿದ ಕಡೆ ಬೇಗ ತಿರುಗುವುದಿಲ್ಲ, ಕಿರಿದಾದ ಕಡೆ ತಳ ಉಜ್ಜುತ್ತದೆ. ಮಕ್ಕಳ ಅಳತೆಯ ಲೈಫ್ ಜಾಕೆಟ್ ಇರಲಿಲ್ಲ. ದೊಡ್ಡವರದ್ದನ್ನೇ ಬಿಗಿದು ಕಟ್ಟಿದರು. ಭುಜದ ಬಳಿ ಹಿಡಿದೆತ್ತಿದರೆ ಅದು ಕಿವಿಯವರೆಗೆ ಬರುತ್ತಿತ್ತು. ನೀರಿಗೆ ಬಿದ್ದ ಮಗು ಅಂಥ ಜಾಕೆಟಿನಿಂದ ಕೆಳಗೆ ಜಾರಿಬಿಡುತ್ತದೆ. ಪನಾಕ್‌ನ ಬಾವಲಿ ಗುಹೆಗೆಂದು ಇಡೀ ತಂಡಕ್ಕೆ ತಂದಿದ್ದ ಟಾರ್ಚ್ ಒಂದೇ. ಆ ಸುರಂಗ ಉದ್ದ, ಒಳಗೆ ಕಗ್ಗತ್ತಲು. ಪ್ರತಿ ಕೆನೂವಿಗೂ ಬೆಳಕು ಬೇಕು. ಅದನ್ನೂ ಬಾವಲಿಗಳ ಮೇಲೆ ಬಿಡದೆ ನೀರಿನ ಕಡೆಗೆ, ಗೋಡೆಯ ಬುಡಕ್ಕೆ ಹಿಡಿಯಬೇಕು. ಹೇಗೂ ಒಳಗೆ ಹೋಗಲಿಲ್ಲವಲ್ಲ, ಟಾರ್ಚಿನ ಮಾತೇಕೆ ಎಂದು ತಾವು ಕೇಳಬಹುದು. ಮುಂದಿನ ತಂಡ ಹೋಗುತ್ತದೆ ಎಂಬ ಕಾರಣಕ್ಕೆ ಬರೆದಿದ್ದೇವೆ.

ತಮ್ಮ ಕರಪತ್ರದ ಇನ್ನೂ ಎರಡು ಭರವಸೆಗಳು ಮೊದಲಿನಿಂದಲೇ ಈಡೇರಿಸಲಾಗದವು. 'ಕೊ ತಪು ಬಂಡೆಯ ಸುತ್ತ ದೋಣಿ ಸುತ್ತಾಟ' ಎಂದು ಅಚ್ಚು ಹಾಕಿದ್ದೀರಿ. ಸುಮಾರು 20 ಮೀಟರ್ ಎತ್ತರದ, ಬುಡ ಸವೆದು ಕಿರಿದಾದ ಆ ಬಂಡೆಯ ಬಳಿ ದೋಣಿಗಳು ಹೋಗುವುದನ್ನು ಸವೆತದ ಕಾರಣಕ್ಕೆ 1998ರಿಂದಲೇ ನಿಷೇಧಿಸಲಾಗಿದೆ. ಅದನ್ನು ಎದುರಿನ ಜೇಮ್ಸ್ ಬಾಂಡ್ ದ್ವೀಪದ ದಡದಿಂದ ನೋಡುವುದಷ್ಟೇ. ಎರಡನೆಯದು, ಫೀಫೀ ಲೇ ದ್ವೀಪದ 'ವೈಕಿಂಗ್ ಗುಹೆಯ ಒಳದರ್ಶನ'. ತಿನ್ನಲು ಬಳಸುವ ಗೂಡಿಗಾಗಿ ಬಾನಾಡಿ (ಸ್ವಿಫ್ಟ್‌ಲೆಟ್) ಹಕ್ಕಿಗಳನ್ನು ಕಾಯುವ ಗುಹೆ ಅದು. ಗೂಡು ಕೀಳುವವರ ಬಿದಿರಿನ ಅಟ್ಟಣಿಗೆಗಳನ್ನು ದೋಣಿಯಿಂದಲೇ ಕಾಣಬೇಕು, ಪ್ರವಾಸಿಗಳಿಗೆ ಒಳಗೆ ಪ್ರವೇಶವಿಲ್ಲ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಇಂಥವನ್ನು ದಾರಿ ತಪ್ಪಿಸುವ ಜಾಹೀರಾತು ಎಂದು ಕರೆಯುತ್ತದೆ.

ಹಣದ ವಿಷಯ. ಪ್ಯಾಕೇಜಿನಲ್ಲಿ ಪ್ರವೇಶ ಶುಲ್ಕಗಳೆಲ್ಲ ಸೇರಿವೆ ಎಂದು ಬರೆದಿದ್ದರೂ ಆವ್ ಪೊ ಜೆಟ್ಟಿಯಲ್ಲಿ ರಾಷ್ಟ್ರೀಯ ಉದ್ಯಾನದ ಶುಲ್ಕ ಎಂದು ದೊಡ್ಡವರಿಂದ 300, ಮಕ್ಕಳಿಂದ 150 ಬಾತ್ ಪಡೆದರು. ರಸೀದಿಗಳು ನಮ್ಮಲ್ಲಿವೆ. ಹುಟ್ಟುಗಾರರ ಭಕ್ಷೀಸಿನ ಬಗ್ಗೆ ನಮ್ಮ ತಕರಾರಿಲ್ಲ, ಬಿಸಿಲಲ್ಲಿ ದುಡಿದವರು ಅವರು. ಆದರೆ ಅದು ಇಷ್ಟೇ ಇರಬೇಕೆಂದು ತಮ್ಮ ಗೈಡ್ ಮೈಕಿನಲ್ಲಿ ಘೋಷಿಸುವುದು ಸರಿಯಲ್ಲ.

ಊಟ: 'ಶುದ್ಧ ಸಸ್ಯಾಹಾರ' ಎಂದು ಬರೆದುಕೊಟ್ಟದ್ದರಲ್ಲಿ ಹುರಿದ ತರಕಾರಿಗೆ ಮೀನಿನ ಸಾಸ್ ಹಾಕಿದ್ದರು. ಥಾಯ್ ಅಡುಗೆಯವರಿಗೆ ತರಕಾರಿ ಊಟ ಎಂದಷ್ಟೇ ಹೇಳಿದರೆ ಹೀಗೇ ಆಗುತ್ತದೆ, ಅವರ ತಪ್ಪಲ್ಲ. ಅಲ್ಲಿ 'ಜೇ' ಎಂದು ಕೇಳಬೇಕು. ಮೀನು, ಮೊಟ್ಟೆ, ಹಾಲು ಮಾತ್ರವಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲದ ಅಡುಗೆ ಅದು. ತಮ್ಮ ಗಿರಾಕಿಗಳಲ್ಲಿ ಹಲವರಿಗೆ ಇದಕ್ಕಿಂತ ಒಪ್ಪುವ ಊಟ ಅಲ್ಲಿ ಸಿಗಲಿಕ್ಕಿಲ್ಲ; ದೋಣಿಯವರಿಗೆ ಹಿಂದಿನ ದಿನವೇ ತಿಳಿಸಿದ್ದರೆ ಸಾಕಿತ್ತು.

ನಮ್ಮ ಬೇಡಿಕೆಗಳು ಹೀಗಿವೆ. ಗುಹಾ ವಿಹಾರದ ಹೆಸರಿನಲ್ಲಿ ಬಿಲ್ಲಿನಲ್ಲಿ ತೋರಿಸಿದ ಪೂರ್ತಿ ಮೊತ್ತವನ್ನೂ ಉದ್ಯಾನದ ಶುಲ್ಕವನ್ನೂ ವಾಪಸು ಕೊಡಬೇಕು. 'ಮುಂದಿನ ಪ್ರವಾಸದಲ್ಲಿ ರಿಯಾಯಿತಿ ಕೂಪನ್' ಎಂದು ತಾವು ಮುಂದಿಟ್ಟಿರುವುದನ್ನು ನಾವು ಒಪ್ಪುವುದಿಲ್ಲ. ಕೈ ಸೀಳಿದವರ ಚಿಕಿತ್ಸೆಯ ಖರ್ಚನ್ನು ಬಿಲ್ಲಿನ ಪ್ರಕಾರ ಭರಿಸಬೇಕು. ಕೊ ತಪು ಮತ್ತು ವೈಕಿಂಗ್ ಗುಹೆಯ ಸಾಲುಗಳನ್ನು ಕರಪತ್ರ, ವೆಬ್‌ಸೈಟ್ ಎರಡರಿಂದಲೂ ತೆಗೆಯಬೇಕು. ಫಾಂಗ್‌ನ್ಗಾ ಕಾರ್ಯಕ್ರಮದಲ್ಲಿ ಗುಹೆಯ ಸಮಯವನ್ನು ದಿನಾಂಕಕ್ಕೆ ತಕ್ಕಂತೆ ಉಬ್ಬರದ ಪಟ್ಟಿ ನೋಡಿ ನಮೂದಿಸಬೇಕು; ಯಾವ ದಿನ ಹಗಲಿನಲ್ಲಿ ಸರಿಯಾದ ಹೊತ್ತು ಸಿಗದೋ ಆ ದಿನ ಬುಕಿಂಗ್ ಸಮಯದಲ್ಲೇ ಹೇಳಿಬಿಡಬೇಕು.

ಈ ಪತ್ರ ತಲುಪಿದ 15 ದಿನಗಳೊಳಗೆ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿ, ಅಲ್ಲಿಂದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇವೆ. ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ದೂರು ಹೂಡಲು 2019ರ ಕಾಯ್ದೆ ಅವಕಾಶ ಕೊಟ್ಟಿದೆ, ಆದ್ದರಿಂದ ಷರತ್ತುಗಳ ಕೊನೆಯಲ್ಲಿ ತಾವು ಬರೆದಿರುವ 'ವ್ಯಾಜ್ಯವಿದ್ದರೆ ಮುಂಬೈ ನ್ಯಾಯಾಲಯ ಮಾತ್ರ' ಎಂಬುದು ನಮ್ಮನ್ನು ತಡೆಯಲಾರದು. ಬಿಲ್ಲು, ಕರಪತ್ರದ ಪ್ರತಿ, ಜೆಟ್ಟಿಯ ರಸೀದಿಗಳು, ಆ ದಿನದ ಉಬ್ಬರ-ಇಳಿತದ ಪಟ್ಟಿ, ಸುರಂಗದ ಬಾಯಿಯ ಸಮಯಮುದ್ರೆ ಇರುವ ಫೋಟೊಗಳನ್ನು ಲಗತ್ತಿಸಿದ್ದೇವೆ.

ಉತ್ತರವನ್ನು ದಯವಿಟ್ಟು ಫೋನಿನಲ್ಲಿ ಹೇಳದೆ ಬರವಣಿಗೆಯಲ್ಲಿ ಕೊಡಿ.

ಇತಿ,
ತಂಡದ ಸದಸ್ಯರೆಲ್ಲರ ಪರವಾಗಿ
(ಸಹಿ)