ಹಳೆಯ ಡೀಸೆಲ್ ಗಾಡಿಗಳ ಸೆಲ್ಫ್ ಮೋಟಾರ್ ಬಿಚ್ಚುವ ಕೂಲಿಯಲ್ಲಿ ಬದಲಾವಣೆ: ನಮ್ಮ ಗ್ರಾಹಕರಿಗೆ ಪತ್ರ

ಆತ್ಮೀಯ ಗ್ರಾಹಕರಿಗೆ ನಮಸ್ಕಾರಗಳು.

ಹಳೆಯ ಡೀಸೆಲ್ ಫೋರ್ ವೀಲ್ ಡ್ರೈವ್ ಗಾಡಿಗಳ ಸ್ಟಾರ್ಟರ್ ಮೋಟಾರನ್ನು, ಅಂದರೆ ನಾವೂ ನೀವೂ ಸೆಲ್ಫ್ ಎಂದೇ ಕರೆಯುವ ಭಾಗವನ್ನು, ಬಿಚ್ಚಿ ಜೋಡಿಸುವುದಕ್ಕೆ ಇದುವರೆಗೆ ಎಲ್ಲ ಗಾಡಿಗೂ ಒಂದೇ ಕೂಲಿ ಪಡೆಯುತ್ತಿದ್ದೆವು. ಮುಂದಿನ ತಿಂಗಳ ಮೊದಲ ತಾರೀಖಿನಿಂದ ಆ ಪದ್ಧತಿಯನ್ನು ನಿಲ್ಲಿಸಿ, ಮೋಟಾರು ಮರೆಯಲ್ಲಿ ಕೂತಿರುವ ಗಾಡಿಗಳಿಗೆ ಕೆಲಸ ಹಿಡಿದ ಗಂಟೆಗಳ ಲೆಕ್ಕದಲ್ಲಿ ಕೂಲಿ ಪಡೆಯಲಿದ್ದೇವೆ. ಬಾನೆಟ್ ಎತ್ತಿದರೆ ಅಥವಾ ಗಾಡಿಯಡಿ ಮಲಗಿದರೆ ಬೋಲ್ಟುಗಳು ಕಣ್ಣಿಗೆ ಕಾಣುವ ಗಾಡಿಗಳಿಗೆ ಹಳೆಯ ದರವೇ ಇರುತ್ತದೆ. ಜೊತೆಗೆ, ಬೆಳಗ್ಗೆ ಬಿಟ್ಟು ಸಂಜೆ ಒಯ್ಯಬಹುದೆಂಬ ಮಾತನ್ನು ಇನ್ನು ಕೊಡಲಾರೆವು; ಹಿಂದಿನ ದಿನ ಸಂಜೆಯೇ ಗಾಡಿ ನಮ್ಮಲ್ಲಿಗೆ ಬಂದಿರಬೇಕು.

ಈ ಸುದ್ದಿ ನಿಮ್ಮಲ್ಲಿ ಹಲವರಿಗೆ ಬಾಯಿಮಾತಿನಲ್ಲಿ ಮೊದಲೇ ತಲುಪಿದೆ, ಅದು ಹಾಗೆ ತಲುಪಬಾರದಿತ್ತು. ಕಳೆದ ಕೆಲವು ವಾರಗಳಲ್ಲಿ ಇಬ್ಬರು ಗ್ರಾಹಕರಿಗೆ ಮುಂಚಿತವಾಗಿ ತಿಳಿಸದೆ ಹೊಸ ಲೆಕ್ಕದ ಬಿಲ್ಲನ್ನೇ ಕೊಟ್ಟುಬಿಟ್ಟಿದ್ದೆವು. ಅದು ನಮ್ಮದೇ ತಪ್ಪು. ಅವರಿಬ್ಬರಿಗೂ ಹೆಚ್ಚಾಗಿ ಪಡೆದ ಹಣವನ್ನು ಹಿಂದಿರುಗಿಸಿದ್ದೇವೆ, ಮತ್ತು ಈ ಪತ್ರವನ್ನು ಅದಕ್ಕೂ ಮೊದಲೇ ಬರೆಯದೇ ಹೋದದ್ದಕ್ಕೆ ನಿಮ್ಮೆಲ್ಲರ ಕ್ಷಮೆ ಕೋರುತ್ತೇವೆ.

ಆದರೆ ಒಂದು ಮಾತಿಗೆ ಉತ್ತರ ಹೇಳದೆ ಮುಂದೆ ಹೋಗಲು ಮನಸ್ಸು ಒಪ್ಪುತ್ತಿಲ್ಲ. "ಎರಡು ಬೋಲ್ಟು, ಎರಡು ವೈರು, ಅಷ್ಟಕ್ಕೆ ಇಡೀ ದಿನದ ಕೂಲಿಯೇ?" ಎಂದು ಕೌಂಟರಿನಲ್ಲಿ ನಿಂತು ಕೇಳಿದವರಿದ್ದಾರೆ, ಫೋನಿನಲ್ಲಿ ಕೇಳಿದವರಿದ್ದಾರೆ, ನಮಗೆ ಬೇಸರವಾಗಬಾರದೆಂದು ಬೇರೆಯವರ ಮೂಲಕ ಕೇಳಿಸಿದವರೂ ಇದ್ದಾರೆ. ಬೋಲ್ಟುಗಳ ಲೆಕ್ಕ ಸರಿಯಾಗಿಯೇ ಇದೆ. ಹೆಚ್ಚಿನ ಗಾಡಿಗಳಲ್ಲಿ ಎರಡು, ಕೆಲವದರಲ್ಲಿ ಮೂರು. ಎಂಜಿನ್ನೇ ಹೊರಗೆ ಬೆಂಚಿನ ಮೇಲಿದ್ದರೆ ಸೆಲ್ಫ್ ಬಿಚ್ಚಲು ಹತ್ತು ನಿಮಿಷವೂ ಬೇಕಿಲ್ಲ. ನೀವು ಕೊಡುವ ಕೂಲಿ ಬೋಲ್ಟು ತಿರುಗಿಸಿದ್ದಕ್ಕಲ್ಲ, ಆ ಬೋಲ್ಟಿನ ಬಳಿಗೆ ಕೈ ತಲುಪಿಸಿದ್ದಕ್ಕೆ.

ಈ ಗಾಡಿಗಳಲ್ಲಿ ಸೆಲ್ಫ್ ಇರುವುದು ಎಂಜಿನ್ನಿನ ಹಿಂತುದಿಯಲ್ಲಿ, ಗೇರ್‌ಬಾಕ್ಸಿನ ಬೆಲ್ ಹೌಸಿಂಗಿಗೆ (ಎಂಜಿನ್ನಿಗೆ ಸೇರುವ ಗಂಟೆಯಾಕಾರದ ಕವಚಕ್ಕೆ) ಅಂಟಿಕೊಂಡಂತೆ. ಅದರ ಒಂದು ಪಕ್ಕದಲ್ಲಿ ದಪ್ಪ ಚಾಸಿಸ್, ಮೇಲೆ ಮ್ಯಾನಿಫೋಲ್ಡು ಅಥವಾ ಟರ್ಬೋದಿಂದ ಇಳಿಯುವ ಎಕ್ಸಾಸ್ಟ್ ಪೈಪು, ಕೆಳಗೆ ಮುಂದಿನ ಚಕ್ರಗಳಿಗೆ ಹೋಗುವ ಶಾಫ್ಟು. ಸಾಮಾನ್ಯ ಕಾರಿನಲ್ಲಿ ಈ ಶಾಫ್ಟೂ ಇರುವುದಿಲ್ಲ, ಇಷ್ಟು ದಪ್ಪದ ಚಾಸಿಸ್ಸೂ ಇರುವುದಿಲ್ಲ. ಕೆಳಗಿನ ಬೋಲ್ಟು ಹೇಗೋ ಸಿಗುತ್ತದೆ, ತೊಂದರೆಯೆಲ್ಲ ಮೇಲಿನದು. ಹಲವು ಮಾದರಿಗಳಲ್ಲಿ ಅದರ ತಲೆ ಹಿಂದಕ್ಕೆ, ಗೇರ್‌ಬಾಕ್ಸಿನ ಕಡೆಗೆ ಮುಖ ಮಾಡಿರುತ್ತದೆ, ಮತ್ತು ಬೆಲ್ ಹೌಸಿಂಗಿನ ಉಬ್ಬಿನ ಆಚೆ ಇರುವುದರಿಂದ ಮೇಲಿನಿಂದಲೂ ಕಾಣುವುದಿಲ್ಲ, ಕೆಳಗಿನಿಂದಲೂ ಕಾಣುವುದಿಲ್ಲ. ನಮ್ಮ ಹಿರಿಯ ಮೆಕ್ಯಾನಿಕ್ ಕೋಲಿಗೆ ಕಟ್ಟಿದ ಪುಟ್ಟ ಕನ್ನಡಿಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯನ್ನು ಮೊಣಕೈವರೆಗೆ ಸಂದಿಯೊಳಗೆ ತೂರಿಸಿ, ಮೊದಲು ಬೆರಳ ತುದಿಯಿಂದ ಬೋಲ್ಟಿನ ಆರು ಮೂಲೆಗಳನ್ನು ಎಣಿಸುತ್ತಾರೆ. ತುಕ್ಕು ತಿಂದು ಮೂಲೆ ಸವೆದಿದ್ದರೆ ಅವರಿಗೆ ಆಗಲೇ ಗೊತ್ತಾಗುತ್ತದೆ. ಆಮೇಲೆ ಎರಡು ಮೂರು ಎಕ್ಸ್‌ಟೆನ್ಷನ್ ರಾಡುಗಳನ್ನು ಒಂದಕ್ಕೊಂದು ಸೇರಿಸಿ, ತುದಿಗೆ ಎತ್ತ ಬೇಕಾದರೂ ಬಾಗುವ ಯೂನಿವರ್ಸಲ್ ಜಾಯಿಂಟು ಮತ್ತು ಸಾಕೆಟ್ಟು ಹಾಕಿ, ಗೇರ್‌ಬಾಕ್ಸಿನ ಮೇಲಿನಿಂದ ಚಾಸಿಸ್ಸಿನ ಹಿಂದಿನ ಅಡ್ಡಪಟ್ಟಿಯಾದ ಕ್ರಾಸ್ ಮೆಂಬರ್‌ವರೆಗೆ ಹಾಯಿಸಿ, ಅಲ್ಲಿ ಕೂತು ರ‍್ಯಾಚೆಟ್ ತಿರುಗಿಸಬೇಕು. ಸಾಕೆಟ್ಟು ಬೋಲ್ಟಿನ ಮೇಲೆ ಪೂರ್ತಿ ಕೂತಿದೆಯೇ ಎಂಬುದನ್ನು ಇನ್ನೊಬ್ಬರು ಮುಂದಿನಿಂದ ಬೆರಳಿಟ್ಟು ನೋಡಿ ಹೇಳಬೇಕು. ಹೀಗಾಗಿ ಇದು ಒಬ್ಬರ ಕೆಲಸವಲ್ಲ, ಎರಡಾಳಿನ ಕೆಲಸ.

ಅಷ್ಟರಲ್ಲೂ ದಾರಿ ಸಿಗದಿದ್ದರೆ ಗೇರ್‌ಬಾಕ್ಸಿನ ಹಿಂದಿನ ಮೌಂಟಿಂಗ್ ಬಿಚ್ಚಿ, ಕೆಳಗೆ ಜ್ಯಾಕ್ ಕೊಟ್ಟು, ಅದರ ಬಾಲವನ್ನು ಕೆಲವು ಅಂಗುಲ ಇಳಿಸಬೇಕಾಗುತ್ತದೆ. ಇಳಿಸುವಾಗ ಎಂಜಿನ್ನಿನ ಮುಂಭಾಗ ಮೇಲೇಳುವುದರಿಂದ ಫ್ಯಾನು ಅದರ ಕವಚಕ್ಕೆ ತಾಗದಂತೆ, ಕ್ಲಚ್ಚಿನ ಪೈಪು ಎಳೆಯದಂತೆ ಒಬ್ಬರು ಕಾವಲು ನಿಲ್ಲಬೇಕು. ಇಷ್ಟೂ ಹೊತ್ತು ಗಾಡಿ ಲಿಫ್ಟಿನ ಮೇಲೆಯೇ ಇರುತ್ತದೆ, ಉಳಿದವರ ಗಾಡಿಗಳು ಹೊರಗೆ ಕಾಯುತ್ತವೆ. ಹಳೆಯ ದರದಲ್ಲಿ ಅರ್ಧ ದಿನದ ಕೂಲಿ ಮಾತ್ರ ಬರುತ್ತಿತ್ತು. ಉಳಿದ ಅರ್ಧ ದಿನದ ಕೂಲಿಯನ್ನು ನಾವೇ ಭರಿಸುತ್ತಾ ಬಂದೆವು, ಅದನ್ನು ಎಂದೂ ನಿಮ್ಮ ಮುಂದೆ ಎತ್ತಿ ಆಡಲಿಲ್ಲ. ಹಾಗಿದ್ದೂ "ದುಬಾರಿ" ಎಂಬ ಮಾತು ಕೇಳಿಬಂದಾಗ ನಮ್ಮ ಹುಡುಗರ ಮುಖ ಬಾಡಿದ್ದನ್ನು ನೋಡಿದ್ದೇವೆ. ಗೆಣ್ಣಿನ ಸಿಪ್ಪೆ ಕಿತ್ತುಹೋಗದ ಕೈ ನಮ್ಮಲ್ಲಿ ಯಾರದ್ದೂ ಇಲ್ಲ.

ಹಿಂದಿನ ಸಂಜೆಯೇ ಗಾಡಿ ಬೇಕೆನ್ನುವುದಕ್ಕೂ ಕಾರಣವಿದೆ. ಬೆಲ್ ಹೌಸಿಂಗ್ ಸಾಮಾನ್ಯವಾಗಿ ಅಲ್ಯೂಮಿನಿಯಮ್ಮಿನದು, ಬೋಲ್ಟು ಉಕ್ಕಿನದು. ಕೆಸರು ನೀರಿನಲ್ಲಿ ಓಡಾಡಿದ ಗಾಡಿಯಲ್ಲಿ ಈ ಎರಡು ಲೋಹಗಳು ಕೂಡಿದ ಕಡೆ ಬಿಳಿ ಪುಡಿಯಂಥ ಕಿಲುಬು ಕಟ್ಟಿ, ಬೋಲ್ಟು ಬೆಸುಗೆ ಹಾಕಿದಷ್ಟು ಗಟ್ಟಿಯಾಗಿ ಹಿಡಿದಿರುತ್ತದೆ. ಅವಸರದಲ್ಲಿ ತಿರುಗಿಸಿದರೆ ತಲೆ ಮುರಿಯುತ್ತದೆ, ಇಲ್ಲವೇ ಅಲ್ಯೂಮಿನಿಯಮ್ಮಿನೊಳಗಿನ ಥ್ರೆಡ್ಡೇ ಕಿತ್ತುಬರುತ್ತದೆ. ಸಂಜೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ರಾತ್ರಿಯಿಡೀ ಇಳಿಯಲು ಬಿಟ್ಟು, ಬೆಳಗ್ಗೆ ತಣ್ಣಗಿರುವ ಎಂಜಿನ್ನಿಗೆ ಕೈ ಹಾಕಿದರೆ ಹತ್ತರಲ್ಲಿ ಒಂಬತ್ತು ಬೋಲ್ಟುಗಳು ಮಾತು ಕೇಳುತ್ತವೆ. ಕೇಳದೆ ಮುರಿದ ಬೋಲ್ಟನ್ನು ಕೊರೆದು ತೆಗೆಯುವ ಹೊತ್ತಿನಲ್ಲಿ ಅರ್ಧವನ್ನು ಮಾತ್ರ ನಿಮ್ಮ ಲೆಕ್ಕಕ್ಕೆ ಹಾಕುತ್ತೇವೆ, ಉಳಿದರ್ಧ ನಮ್ಮದು. ತುಕ್ಕು ಹಿಡಿಸಿದ್ದು ನಾವಲ್ಲದಿದ್ದರೂ, ಮುರಿದದ್ದು ನಮ್ಮ ಕೈಯಲ್ಲಿ ಎಂಬ ಕಾರಣಕ್ಕೆ ಹೀಗೆ ಒಪ್ಪಿಕೊಂಡಿದ್ದೇವೆ.

ಇನ್ನೊಂದು ವಿಷಯದಲ್ಲಿ ತಪ್ಪು ನಮ್ಮ ಕಡೆಯೂ ಇದೆ. ಕೀಲಿ ತಿರುಗಿಸಿದಾಗ ಬರೀ "ಟಕ್" ಎಂದು ಸದ್ದಾಗಿ ಎಂಜಿನ್ ತಿರುಗದಿದ್ದರೆ, ಹಿಂದೆ ನಾವು ನೇರವಾಗಿ ಸೆಲ್ಫ್ ಬಿಚ್ಚಲು ಹೊರಡುತ್ತಿದ್ದೆವು. ಒಂದೆರಡು ಸಲ ಅಷ್ಟು ಕಷ್ಟಪಟ್ಟು ಇಳಿಸಿದ ಮೋಟಾರು ಬೆಂಚಿನ ಮೇಲೆ ಸರಿಯಾಗಿಯೇ ತಿರುಗಿತು. ಕೆಟ್ಟಿದ್ದುದು ಎಂಜಿನ್ನಿನಿಂದ ಚಾಸಿಸ್ಸಿಗೆ ಹೋಗುವ, ವಿದ್ಯುತ್ತು ಬ್ಯಾಟರಿಗೆ ಮರಳುವ ದಾರಿಯಾದ ಅರ್ತ್ ಪಟ್ಟಿ. ಅದೇ ಕಾಲದ ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಒತ್ತುವ ಪ್ರಮಾಣ ಸುಮಾರು 9ಕ್ಕೆ 1 ಇದ್ದರೆ, ಈ ಹಳೆಯ ಡೀಸೆಲ್‌ಗಳಲ್ಲಿ 20ಕ್ಕೆ 1ರ ಆಸುಪಾಸಿನಲ್ಲಿರುತ್ತದೆ. ಅದನ್ನು ತಿರುಗಿಸಲು ಮೋಟಾರು ನೂರಾರು ಆಂಪಿಯರ್ ವಿದ್ಯುತ್ತನ್ನು ಎಳೆಯುವುದರಿಂದ, ದೀಪ ಹಾರನ್ನುಗಳಿಗೆ ಏನೂ ಅನ್ನಿಸದ ಸಣ್ಣ ತುಕ್ಕೂ ಸೆಲ್ಫನ್ನು ನಿಲ್ಲಿಸಬಲ್ಲದು. ಆದ್ದರಿಂದ ಇನ್ನು ಮುಂದೆ ಸ್ಪ್ಯಾನರಿಗೆ ಕೈ ಹಾಕುವ ಮೊದಲು ಮೀಟರಿಗೆ ಕೈ ಹಾಕುತ್ತೇವೆ. 12 ವೋಲ್ಟಿನ ಗಾಡಿಯಲ್ಲಿ ಚಾರ್ಜ್ ತುಂಬಿದ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸಬೇಕು, ಮತ್ತು ಕೀಲಿ ತಿರುಗಿಸಿ ಹಿಡಿದಾಗ ಬ್ಯಾಟರಿಯಿಂದ ಮೋಟಾರಿನವರೆಗಿನ ದಪ್ಪ ಕೇಬಲ್ಲಿನಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ಕಳೆದುಹೋಗಬಾರದು. ಈ ಪರೀಕ್ಷೆಗೆ ನಾವು ಕೂಲಿ ಪಡೆಯುವುದಿಲ್ಲ. ದೋಷ ಕೇಬಲ್ಲಿನಲ್ಲೋ ಅರ್ತಿನಲ್ಲೋ ಸಿಕ್ಕರೆ ಅದನ್ನು ಸರಿಪಡಿಸಿದ ಹಣವನ್ನಷ್ಟೇ ಕೊಟ್ಟು ನೀವು ಗಾಡಿ ಒಯ್ಯಬಹುದು. ಹಿಂದೆ ಸುಮ್ಮನೆ ಸೆಲ್ಫ್ ಇಳಿಸಿಕೊಂಡ ಗ್ರಾಹಕರು ನಮ್ಮನ್ನು ದೂರಲಿಲ್ಲ. ಅವರ ಆ ದೊಡ್ಡತನ ನಮ್ಮ ನೆನಪಿನಲ್ಲಿದೆ.

ಒಮ್ಮೆ ಮೋಟಾರು ಹೊರಗೆ ಬಂದಮೇಲೆ ಅದನ್ನು ತೆರೆದು ನೋಡದೆ ಹಾಗೆಯೇ ಮರಳಿ ಕೂರಿಸುವುದಿಲ್ಲ ಎಂಬುದೂ ಹೊಸ ನಿಯಮ. ಮೋಟಾರಿಗೆ ವಿದ್ಯುತ್ತು ಬಿಡುವ ಸ್ವಿಚ್ಚಾದ ಸೊಲೆನಾಯ್ಡಿನ ಒಳಗಿನ ತಾಮ್ರದ ಕಾಂಟ್ಯಾಕ್ಟುಗಳು ಒಂದು ಬದಿ ಸವೆದು ಮೆಟ್ಟಿಲಿನಂತಾಗಿರುವುದೇ ಬಹಳ ಸಲ ಆ "ಟಕ್" ಸದ್ದಿನ ಮೂಲವಾಗಿರುತ್ತದೆ. ಇವು ದೊಡ್ಡ ಬೆಲೆಯ ವಸ್ತುಗಳಲ್ಲ. ಕಾರ್ಬನ್ ಬ್ರಷ್ಷು, ಬುಷ್ಷುಗಳ ಸವೆತವನ್ನೂ ಅದೇ ಹೊತ್ತಿಗೆ ನೋಡಿಬಿಡುತ್ತೇವೆ. ಮೋಟಾರಿಲ್ಲದ ಆ ಖಾಲಿ ಬಾಯಿಯೊಳಗೆ ಟಾರ್ಚ್ ಬಿಟ್ಟು, ಎಂಜಿನ್ನನ್ನು ಕೈಯಿಂದ ನಿಧಾನವಾಗಿ ಒಂದು ಪೂರ್ತಿ ಸುತ್ತು ತಿರುಗಿಸಿ, ಎಂಜಿನ್ನನ್ನು ತಿರುಗಿಸಲು ಸೆಲ್ಫ್ ಹಿಡಿಯುವ ಫ್ಲೈವೀಲಿನ ರಿಂಗ್ ಗೇರಿನ ಹಲ್ಲುಗಳನ್ನು ಪರಿಶೀಲಿಸುತ್ತೇವೆ. ಎಂಜಿನ್ ಆಫ್ ಆದಾಗ ಪ್ರತಿಸಲವೂ ಹೆಚ್ಚುಕಡಿಮೆ ಅದೇ ಕೆಲವು ಜಾಗಗಳಲ್ಲಿ ನಿಲ್ಲುವುದರಿಂದ ಹಲ್ಲು ಸವೆಯುವುದೂ ಅಲ್ಲಿಯೇ. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಸಾಮಾನ್ಯವಾಗಿ ಎದುರುಬದುರಾಗಿ ಎರಡು ಕಡೆ. ಮೋಟಾರು ಕೂರುವ ಮುಖವನ್ನು ಲೋಹ ಹೊಳೆಯುವವರೆಗೆ ಉಜ್ಜಿ ಒರೆಸುವುದಕ್ಕೂ ಸಮಯ ಹಿಡಿಯುತ್ತದೆ. ಅಲ್ಲಿ ಕೆಸರಿನ ಪದರ ಉಳಿದರೆ ಮೋಟಾರು ಓರೆಯಾಗಿ ಕೂತು, ಅದರ ತುದಿಯ ಪುಟ್ಟ ಹಲ್ಲುಚಕ್ರ (ಪಿನಿಯನ್) ರಿಂಗ್ ಗೇರಿನ ಹಲ್ಲುಗಳನ್ನು ತಿನ್ನುತ್ತದೆ, ಅಲ್ಲದೆ ಹಲವು ಮೋಟಾರುಗಳಿಗೆ ಅರ್ತ್ ಸಿಗುವುದೂ ಆ ಮುಖದಿಂದಲೇ. ರಿಂಗ್ ಗೇರ್ ಹೋದರೆ ಗೇರ್‌ಬಾಕ್ಸನ್ನೇ ಇಳಿಸಬೇಕು. ಆ ಖರ್ಚಿನ ಮುಂದೆ ಈಗಿನದು ಏನೂ ಅಲ್ಲ.

ಹೊರಗಿನಿಂದ ಮೋಟಾರು ಕೊಂಡು ತಂದು "ಇದನ್ನೇ ಹಾಕಿಕೊಡಿ" ಎನ್ನುವವರಿಗೆ ವಿನಯದಿಂದ ಒಂದು ಮಾತು ಹೇಳಬೇಕಿದೆ. ನೀವು ತಂದದ್ದನ್ನು ನಾವು ಖಂಡಿತ ಹಾಕಿಕೊಡುತ್ತೇವೆ, ಹಾಕುವ ಮೊದಲು ಬೆಂಚಿನ ಮೇಲೆ ನಿಮ್ಮ ಎದುರಿಗೇ ಓಡಿಸಿಯೂ ತೋರಿಸುತ್ತೇವೆ. ಆದರೆ ಅದು ಕೆಲವೇ ತಿಂಗಳಲ್ಲಿ ಕೈಕೊಟ್ಟರೆ ಎರಡನೆಯ ಸಲ ಇಳಿಸುವ ಕೂಲಿಯನ್ನು ನಮ್ಮ ತಲೆಗೆ ಕಟ್ಟಬೇಡಿ. ಹೀಗೆ ಒಂದೇ ಗಾಡಿಯ ಸೆಲ್ಫನ್ನು ಒಂದೇ ವರ್ಷದಲ್ಲಿ ಮೂರು ಸಲ ಇಳಿಸಿ, ಎರಡು ಸಲದ ಕೂಲಿಯನ್ನು ಕಳೆದುಕೊಂಡಿದ್ದೇವೆ. ಮೋಟಾರು ಮಾರಿದವರು ಬದಲಿ ಮೋಟಾರನ್ನಷ್ಟೇ ಕೊಟ್ಟು ಕೈತೊಳೆದುಕೊಂಡರು. ನಾವೇ ಒದಗಿಸಿದ ಅಥವಾ ನಾವೇ ರಿಪೇರಿ ಮಾಡಿದ ಮೋಟಾರು ಒಂದು ವರ್ಷದೊಳಗೆ ಕೆಟ್ಟರೆ, ಇಳಿಸುವ ಕೂಲಿಯೂ ಸೇರಿ ಎಲ್ಲವೂ ನಮ್ಮದೇ. ಈ ಮಾತು ಮೊದಲೂ ಇತ್ತು, ಈಗಲೂ ಇದೆ.

ಗಂಟೆಯ ಲೆಕ್ಕವೆಂದರೆ ಕೊನೆಯಿಲ್ಲದ ಲೆಕ್ಕವಾದೀತು ಎಂಬ ನಿಮ್ಮ ಅಂಜಿಕೆ ನಮಗೆ ಅರ್ಥವಾಗುತ್ತದೆ. ಅದಕ್ಕಾಗಿ ಗಾಡಿ ಬಿಡುವಾಗಲೇ, ಅದರ ಮಾದರಿಯನ್ನೂ ತುಕ್ಕಿನ ಸ್ಥಿತಿಯನ್ನೂ ನೋಡಿ, ಹೆಚ್ಚೆಂದರೆ ಎಷ್ಟು ಗಂಟೆ ಎಂಬುದನ್ನು ಚೀಟಿಯಲ್ಲಿ ಬರೆದುಕೊಡುತ್ತೇವೆ. ಆ ಮಿತಿ ದಾಟುವ ಸಂದರ್ಭ ಬಂದರೆ ಕೆಲಸ ನಿಲ್ಲಿಸಿ ನಿಮಗೆ ಫೋನ್ ಮಾಡುತ್ತೇವೆ, ನೀವು ಒಪ್ಪಿದರೆ ಮಾತ್ರ ಮುಂದುವರಿಯುತ್ತೇವೆ. ಮಿತಿಗಿಂತ ಬೇಗ ಮುಗಿದರೆ ಮುಗಿದಷ್ಟೇ ಹೊತ್ತಿನ ಹಣ. ಕಳಚಿದ ಹಳೆಯ ಕಾಂಟ್ಯಾಕ್ಟು, ಬ್ರಷ್ಷು, ಬೋಲ್ಟುಗಳನ್ನು ಡಬ್ಬಿಯಲ್ಲಿ ಹಾಕಿ ಗಾಡಿಯ ಜೊತೆಯಲ್ಲೇ ಕೊಡುತ್ತೇವೆ.

ಈಗಾಗಲೇ ನಮ್ಮಲ್ಲಿರುವ ಗಾಡಿಗಳಿಗೆ ಮತ್ತು ಈ ತಿಂಗಳು ಮುಗಿಯುವುದರೊಳಗೆ ಬರುವ ಗಾಡಿಗಳಿಗೆ ಹಳೆಯ ಕೂಲಿಯೇ ಅನ್ವಯಿಸುತ್ತದೆ. ಈ ಪತ್ರ ಓದಿದ ಮೇಲೂ ಮನಸ್ಸಿಗೆ ಸಮಾಧಾನವಾಗದವರು ದಯವಿಟ್ಟು ಯಾವುದಾದರೂ ಬೆಳಗ್ಗೆ ಬನ್ನಿ. ಲಿಫ್ಟಿನ ಮೇಲೆ ಇಂಥದೊಂದು ಗಾಡಿ ಇದ್ದರೆ ಅದರಡಿಯಲ್ಲಿ ನಿಲ್ಲಿಸಿ, ಕೈಗೆ ಆ ಕನ್ನಡಿ ಕೊಟ್ಟು, ಮೇಲಿನ ಬೋಲ್ಟು ಎಲ್ಲಿದೆ ಎಂಬುದನ್ನು ನಾವೇ ತೋರಿಸುತ್ತೇವೆ.

ಇಂತಿ ನಿಮ್ಮ ವಿಶ್ವಾಸಿಗಳು,
ಕಾರ್ಯಾಗಾರದ ಎಲ್ಲ ಕೆಲಸಗಾರರ ಪರವಾಗಿ