ಭಾನುವಾರದ ಅಧ್ಯಯನ: ಕೂಜನ ಹೆಂಡತಿ ಯೋಹಾನಳು

ಗುಂಪಿನ ಎಲ್ಲ ಸದಸ್ಯರಿಗೆ ವಂದನೆಗಳು. ಈ ಭಾನುವಾರದ ಅಧ್ಯಯನಕ್ಕೆ ಲೂಕನ ಸುವಾರ್ತೆಯ 8ನೇ ಅಧ್ಯಾಯದ 1ರಿಂದ 3ನೇ ವಚನಗಳನ್ನೂ 24ನೇ ಅಧ್ಯಾಯದ 1ರಿಂದ 12ನೇ ವಚನಗಳನ್ನೂ ಓದಿಕೊಂಡು ಬರಬೇಕೆಂದು ಕೋರುತ್ತೇವೆ. ಯೇಸುವಿನ ಹಿಂಬಾಲಕಿಯಾದ ಮಗ್ದಲದ ಮರಿಯಳ ಬಗ್ಗೆ ನಾವು ಸಾಕಷ್ಟು ಮಾತಾಡಿದ್ದೇವೆ. ಈ ಎರಡೂ ಕಡೆ ಅವಳ ಜೊತೆಯಲ್ಲೇ ಹೆಸರು ಬರುವ ಯೋಹಾನಳನ್ನು ಮಾತ್ರ ಗಮನಿಸದೆ ಮುಂದೆ ಹೋಗಿಬಿಡುತ್ತೇವೆ.

ಅವಳ ಗಂಡ ಕೂಜನು ಗಲಿಲಾಯದ ಅಧಿಪತಿ ಹೆರೋದ ಅಂತಿಪನ ಮನೆವಾರ್ತೆ ನೋಡಿಕೊಳ್ಳುತ್ತಿದ್ದವನು. ಜನರಿಗೆ ದೀಕ್ಷಾಸ್ನಾನ ಮಾಡಿಸುತ್ತಿದ್ದ ಪ್ರವಾದಿ ಸ್ನಾನಿಕ ಯೋಹಾನನ ತಲೆ ತೆಗೆಸಿದವನು ಇದೇ ಹೆರೋದ. ಅಂಥವನ ಅಧಿಕಾರಿಯ ಹೆಂಡತಿ, ಯೇಸುವೂ ಹನ್ನೆರಡು ಮಂದಿ ಶಿಷ್ಯರೂ ಊರೂರು ಸುತ್ತುವಾಗ ಸುಸನ್ನ ಮೊದಲಾದ ಸ್ತ್ರೀಯರೊಡನೆ ಜೊತೆಗಿದ್ದು, ತನ್ನ ಆಸ್ತಿಯಿಂದ ಅವರ ಖರ್ಚುವೆಚ್ಚಕ್ಕೆ ನೆರವಾದಳೆಂಬುದು ಸಣ್ಣ ಸಂಗತಿಯಲ್ಲ. ಇದಕ್ಕೆ ಕೂಜನು ಏನೆಂದನೆಂದು ಲೂಕನು ಹೇಳುವುದಿಲ್ಲ. ನಾಲ್ಕು ಸುವಾರ್ತೆಗಳಲ್ಲಿ ಯೋಹಾನಳ ಹೆಸರು ಬರುವುದು ಲೂಕನಲ್ಲಿ ಮಾತ್ರ; ಹೆರೋದನು ಯೇಸುವನ್ನು ವಿಚಾರಿಸಿ ಅಪಹಾಸ್ಯ ಮಾಡಿದ ಪ್ರಸಂಗವೂ ಲೂಕನೊಬ್ಬನಲ್ಲೇ ಇದೆ. ಅರಮನೆಯ ಒಳಗಿನ ಈ ಸುದ್ದಿ ಲೂಕನಿಗೆ ಯೋಹಾನಳಿಂದಲೇ ತಲುಪಿರಬಹುದೆಂಬ ಊಹೆ ನಮಗೆ ಒಪ್ಪುವಂತಿದೆ, ಆದರೆ ಅದು ಊಹೆಯಷ್ಟೇ.

ಸುಗಂಧದ್ರವ್ಯ ಹಿಡಿದು ಬೆಳಗಿನ ಜಾವ ಯೇಸುವಿನ ಸಮಾಧಿಗೆ ಹೋದ ಸ್ತ್ರೀಯರು, ಅದು ಬರಿದಾಗಿದೆ, ಯೇಸು ಎದ್ದಿದ್ದಾನೆ ಎಂದು ತಂದ ಸುದ್ದಿಯನ್ನು ಅಪೊಸ್ತಲರು (ಯೇಸುವಿನ ಆಪ್ತ ಶಿಷ್ಯರು) ಹುರುಳಿಲ್ಲದ ಮಾತೆಂದು ತಳ್ಳಿಹಾಕಿದರು. ಆ ಸುದ್ದಿ ಹೇಳಿದವರಲ್ಲಿ ಯೋಹಾನಳ ಹೆಸರನ್ನು ಲೂಕನು ಬಿಡದೆ ಬರೆದಿದ್ದೇಕೆ ಎಂಬುದರ ಮೇಲೆ ಚರ್ಚೆ ನಡೆಯಲಿದೆ. ನಿಮ್ಮ ಪ್ರಶ್ನೆಗಳನ್ನು ಶನಿವಾರ ಸಂಜೆಯೊಳಗೆ ಇಲ್ಲಿಯೇ ಕಳುಹಿಸಿರಿ.