ಫೋರ್ಕ್ ಆಯಿಲ್ ಬದಲಾವಣೆ: ನವೆಂಬರ್ 2ರಿಂದ ನಮ್ಮ ಕೆಲಸದ ರೀತಿ ಬದಲಾಗುತ್ತಿದೆ

ಆತ್ಮೀಯ ಗ್ರಾಹಕರೇ,

ನಮಸ್ಕಾರ. ಈ ಸಲದ ಮಳೆಯಲ್ಲಿ ಸಕಲೇಶಪುರ, ಬಿಸಿಲೆ ಕಡೆಯ ಕೆಸರು ನಿಮ್ಮ ಬೈಕುಗಳ ಜೊತೆ ನಮ್ಮ ವರ್ಕ್‌ಶಾಪಿಗೂ ಸಾಕಷ್ಟು ಬಂದಿದೆ. ಈಗ ಸರ್ವಿಸ್‌ಗೆ ಸಾಲು ನಿಂತಿರುವ ಹೊತ್ತಿನಲ್ಲೇ ಒಂದು ವಿಷಯ ಹೇಳಬೇಕು.

ಜನರಲ್ ಸರ್ವಿಸ್ ಜೊತೆ ಮುಂದಿನ ಫೋರ್ಕಿನ (ಮುಂದಿನ ಚಕ್ರವನ್ನು ಹಿಡಿದು, ಗುಂಡಿಯ ಹೊಡೆತ ತಡೆಯುವ ಎರಡು ಕಾಲುಗಳು) ಆಯಿಲನ್ನೂ ಅರ್ಧ ಗಂಟೆಯಲ್ಲಿ ಬದಲಾಯಿಸಿಕೊಡುತ್ತಿದ್ದೆವಲ್ಲ, ಅದನ್ನು ನವೆಂಬರ್ 2ರಿಂದ ನಿಲ್ಲಿಸುತ್ತಿದ್ದೇವೆ. (ಒಂದನೇ ತಾರೀಕು ರಾಜ್ಯೋತ್ಸವ, ಅಂಗಡಿ ರಜೆ.) ಇನ್ನು ಮುಂದೆ ಎರಡು ದಾರಿ. ಒಂದೋ ಬೈಕನ್ನು ಬೆಳಿಗ್ಗೆ ಬಿಟ್ಟು ಮರುದಿನ ಸಂಜೆ ತಗೊಂಡು ಹೋಗಿ, ಫೋರ್ಕ್ ಕಳಚಿ ಸರಿಯಾಗಿ ಮಾಡಿಕೊಡುತ್ತೇವೆ. ಇಲ್ಲವೇ ನಮ್ಮಿಂದ ಆಯಿಲ್ ಕೊಂಡು, ಬೇಕಾದ ಟೂಲ್‌ಗಳನ್ನು ಎರಡು ದಿನಕ್ಕೆ ಒಯ್ದು, ಮನೆಯಲ್ಲೇ ಮಾಡಿಕೊಳ್ಳಿ. ಟೂಲ್‌ಗೆ ಬಾಡಿಗೆ ಇಲ್ಲ. ಡೆಪಾಸಿಟ್ 500 ರೂಪಾಯಿ, ವಾಪಸ್ ತಂದಾಗ ಪೂರ್ತಿ ಕೊಡುತ್ತೇವೆ.

ಕಾರಣ ಮುಚ್ಚಿಡುವುದಿಲ್ಲ. ತಪ್ಪು ನಮ್ಮದೇ. ಆಗಸ್ಟಿನಲ್ಲಿ ಎಸ್ಟೇಟ್ ಕೆಲಸಕ್ಕೆ ಓಡುವ ಒಂದು ಬೈಕ್ ವಾಪಸ್ ಬಂತು. ಆಯಿಲ್ ಬದಲಾಯಿಸಿ ಆರು ವಾರ ಆಗಿತ್ತು, ಅಷ್ಟೇ. ಹಂಪ್ ಇಳಿದಾಗ ಮುಂದೆ ಗಟ್ಟಿಯಾಗಿ ನಿಲ್ಲುತ್ತದೆ, ಬಲಗಡೆ ಸೀಲ್ (ಆಯಿಲ್ ಹೊರಬರದಂತೆ ತಡೆಯುವ ರಬ್ಬರ್ ಉಂಗುರ) ಒಸರುತ್ತಿದೆ ಎಂದರು. ಎರಡೂ ಕಾಲು ಬಿಚ್ಚಿ ಸ್ಕೇಲ್ ಇಳಿಸಿ ನೋಡಿದೆವು. ಎಡಗಡೆಗಿಂತ ಬಲಗಡೆ ಆಯಿಲ್ ಮೂರು ಸೆಂಟಿಮೀಟರ್ ಮೇಲಿತ್ತು. ಹಾಕಿದ್ದು ಎರಡಕ್ಕೂ ಅಳೆದು ಒಂದೇ ಎಂಎಲ್. ಆದರೆ ಬಲಗಡೆ ಹಳೆ ಆಯಿಲ್ ಪೂರ್ತಿ ಇಳಿದಿರಲಿಲ್ಲ. ಡ್ಯಾಂಪರ್ (ಫೋರ್ಕಿನ ಏರಿಳಿತವನ್ನು ನಿಧಾನಿಸುವ ಭಾಗ) ಒಳಗೆ, ಅಡಿಯಲ್ಲಿ, ಸ್ವಲ್ಪ ಉಳಿದೇ ಇತ್ತು. ಅದರ ಮೇಲೆ ನಾವು ಲೆಕ್ಕದ ಹೊಸ ಆಯಿಲ್ ಸುರಿದಿದ್ದೆವು.

ಇಷ್ಟಕ್ಕೇ ಅಷ್ಟು ವ್ಯತ್ಯಾಸವಾ ಅಂತ ಕೇಳುತ್ತೀರಿ, ಅಲ್ವಾ? ಉದಾಹರಣೆಗೆ ಹೀರೋ ಎಕ್ಸ್‌ಪಲ್ಸ್ 200 ಬೈಕಿನ ಫೋರ್ಕ್ ಕೊಳವೆ ಹೊರಗಿನಿಂದ 37 ಮಿಲಿಮೀಟರ್. ಅಷ್ಟು ಸಣ್ಣ ಕೊಳವೆಯೊಳಗೆ ಸುಮಾರು ಎಂಟೊಂಬತ್ತು ಎಂಎಲ್ ಜಾಸ್ತಿ ಬಿದ್ದರೆ ಮಟ್ಟ ಒಂದು ಸೆಂಟಿಮೀಟರ್ ಏರುತ್ತದೆ. 25 ಎಂಎಲ್ ಹಳೆ ಆಯಿಲ್ ಉಳಿದರೆ ಮೂರು ಸೆಂಟಿಮೀಟರ್ ಏರಿತು. ಆಯಿಲ್ ಮೇಲೆ ಉಳಿಯುವ ಗಾಳಿಯೂ ಒಂದು ಸ್ಪ್ರಿಂಗೇ. ಸೈಕಲ್ ಪಂಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿಕೆ ತಳ್ಳಿ ನೋಡಿ, ಕೊನೆಗೆ ಬರುವಷ್ಟರಲ್ಲಿ ಕೈ ನಿಲ್ಲುತ್ತದೆ. ಗಾಳಿಯ ಜಾಗ ಅರ್ಧವಾದರೆ ಒತ್ತಡ ಎರಡರಷ್ಟಾಗುತ್ತದೆ. ಆಯಿಲ್ ಮಟ್ಟ ಏರಿದಷ್ಟೂ ಗಾಳಿಗೆ ಜಾಗ ಕಮ್ಮಿ. ಆ ಒತ್ತಡವೆಲ್ಲ ಸೀಲ್ ಮೇಲೆ ಬೀಳುತ್ತದೆ.

ಅದಕ್ಕೇ ಇನ್ನು ಮೇಲೆ ನಾವು ಎಂಎಲ್ ನಂಬುವುದಿಲ್ಲ, ಎತ್ತರ ಅಳೆಯುತ್ತೇವೆ. ನೀವು ಮನೆಯಲ್ಲಿ ಮಾಡಿದರೂ ಹಾಗೇ ಮಾಡಿ.

ಮನೆಯಲ್ಲಿ ಮಾಡುವವರಿಗೆ: ಮುಂದಿನ ಚಕ್ರ ನೆಲ ಬಿಟ್ಟು ನಿಲ್ಲುವಂತೆ ಇಂಜಿನ್ ಕೆಳಗೆ ಭದ್ರವಾದ ಸ್ಟ್ಯಾಂಡ್ ಕೊಡಿ. ಏನನ್ನೂ ಬಿಚ್ಚುವ ಮೊದಲು ಮೇಲಿನ ಕ್ಲಾಂಪಿನಿಂದ ಕೊಳವೆ ಎಷ್ಟು ಆಚೆ ಬಂದಿದೆ ಎಂದು ಅಳೆದು ಬರೆದುಕೊಳ್ಳಿ. ಫೋರ್ಕ್ ಇನ್ನೂ ಬೈಕಿನಲ್ಲಿ ಇರುವಾಗಲೇ ಮೇಲಿನ ಕ್ಲಾಂಪ್ ಬೋಲ್ಟ್ ಸಡಿಲಿಸಿ, ಮೇಲಿನ ಮುಚ್ಚಳವನ್ನು ಕಾಲು ಸುತ್ತು ತಿರುಗಿಸಿಬಿಡಿ. ಕಳಚಿ ಕೈಯಲ್ಲಿ ಹಿಡಿದ ಮೇಲೆ ಅದನ್ನು ತಿರುಗಿಸೋದು ತುಂಬಾ ಕಷ್ಟ. ಆಮೇಲೆ ಬ್ರೇಕ್ ಕ್ಯಾಲಿಪರ್, ಚಕ್ರ, ಕೊನೆಗೆ ಫೋರ್ಕ್ ಕಾಲುಗಳನ್ನು ಕಳಚಿ. ಕ್ಯಾಲಿಪರನ್ನು ಹೋಸಿನ ಮೇಲೆ ನೇತುಹಾಕಬೇಡಿ, ತಂತಿಯಲ್ಲಿ ಕಟ್ಟಿ. ಚಕ್ರ ಇಲ್ಲದಾಗ ಬ್ರೇಕ್ ಲಿವರ್ ಒತ್ತಲೇಬೇಡಿ, ಮಕ್ಕಳಿಗೂ ಹೇಳಿಡಿ.

ಮುಚ್ಚಳದ ಕೆಳಗೆ ಸ್ಪ್ರಿಂಗ್ ಒತ್ತಿಕೊಂಡು ಕೂತಿರುತ್ತದೆ. ಕೊನೆಯ ಸುತ್ತಿನಲ್ಲಿ ಮುಖ ಮೇಲೆ ಬಗ್ಗಿಸಬೇಡಿ, ಕನ್ನಡಕ ಹಾಕಿಕೊಳ್ಳಿ. ಸ್ಪೇಸರ್, ವಾಷರ್, ಸ್ಪ್ರಿಂಗ್ ಬಂದ ಕ್ರಮದಲ್ಲೇ ಪೇಪರ್ ಮೇಲೆ ಸಾಲಾಗಿ ಇಡಿ. ಈಗ ಫೋರ್ಕನ್ನು ಡಬ್ಬಿಗೆ ಬಗ್ಗಿಸಿ, ಹತ್ತಿಪ್ಪತ್ತು ಸಲ ನಿಧಾನವಾಗಿ ಒತ್ತಿ ಎಳೆಯಿರಿ. ಬರುವುದು ಬೂದಿ ಕಲಸಿದ ನೀರಿನ ಬಣ್ಣದ್ದು, ವಾಸನೆ ಕೊಳೆತ ಮೀನಿನದು. ಅದರಲ್ಲಿ ಬಿಸಿಲಿಗೆ ಹಿಡಿದರೆ ಮಿನುಗುವ ಸಣ್ಣ ಪುಡಿ ಒಳಗಿನ ಲೋಹ ಸವೆದದ್ದು. ಆಮೇಲೆ ರಾತ್ರಿಯಿಡೀ ತಲೆಕೆಳಗಾಗಿ ಇಳಿಯಲು ಬಿಡಿ. ನಾವು ಅರ್ಧ ಗಂಟೆಯಲ್ಲಿ ಮುಗಿಸುತ್ತಿದ್ದಾಗ ಬಿಟ್ಟುಬಿಡುತ್ತಿದ್ದದ್ದು ಇದನ್ನೇ.

ಬೆಳಿಗ್ಗೆ ಹೊಸ ಆಯಿಲ್ ಸುರಿದು, ಗುಳ್ಳೆ ಬರುವುದು ನಿಲ್ಲುವವರೆಗೆ ನಿಧಾನವಾಗಿ ಪಂಪ್ ಮಾಡಿ. ಹತ್ತು ನಿಮಿಷ ಸುಮ್ನೆ ನಿಲ್ಲಿಸಿ. ನಂತರ ಸ್ಪ್ರಿಂಗ್ ಇಲ್ಲದೆ ಫೋರ್ಕನ್ನು ಪೂರ್ತಿ ಕೆಳಗೆ ಒತ್ತಿ, ನೇರವಾಗಿ ಹಿಡಿದು, ಕೊಳವೆಯ ಬಾಯಿಂದ ಆಯಿಲ್ ಮೇಲ್ಮೈವರೆಗಿನ ಅಂತರ ಅಳೆಯಿರಿ. ಕಿಟ್ಟಿನಲ್ಲಿ ಉದ್ದನೆಯ ನಳಿಕೆ ಇರುವ ಸಿರಿಂಜ್ ಇದೆ. ಬೇಕಾದ ಆಳಕ್ಕೆ ನಳಿಕೆಯನ್ನು ಗುರುತು ಮಾಡಿ ಇಳಿಸಿ ಎಳೆದರೆ, ಹೆಚ್ಚಿನ ಆಯಿಲ್ ತಾನಾಗಿ ಮೇಲೆ ಬರುತ್ತದೆ, ಗಾಳಿ ಬಂದಾಗ ನಿಲ್ಲಿಸಿ. ಎಷ್ಟು ಆಳ, ಯಾವ ಆಯಿಲ್ ಎಂಬುದು ನಿಮ್ಮ ಬೈಕಿನ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿದೆ. ಆಯಿಲ್ ಒಯ್ಯುವಾಗ ನಾವು ಚೀಟಿಯಲ್ಲಿ ಬರೆದು ಕೊಡುತ್ತೇವೆ. ಎಕ್ಸ್‌ಪಲ್ಸ್‌ಗೆ ರ‍್ಯಾಲಿ ಕಿಟ್ (ಎತ್ತರದ ಸಸ್ಪೆನ್ಷನ್) ಹಾಕಿಸಿದವರು ದಯವಿಟ್ಟು ಹೇಳಿ, ಅವರ ಅಳತೆ ಬೇರೆ. ಎರಡೂ ಕಾಲು ಸಮ ಇರಲೇಬೇಕು.

ಬಿಚ್ಚಿಟ್ಟ ಸ್ಪ್ರಿಂಗ್, ವಾಷರ್, ಸ್ಪೇಸರ್ ವಾಪಸ್ ಇಟ್ಟು, ಮುಚ್ಚಳ ಹಾಕುವಾಗ ಮೊದಲು ಹಿಮ್ಮುಖ ತಿರುಗಿಸಿ. ಥ್ರೆಡ್ ಟಕ್ ಅಂತ ಕೂತ ಮೇಲೆ ಬಿಗಿಸಿ. ಮೊದಲು ಬರೆದುಕೊಂಡ ಅಳತೆಗೆ ಫೋರ್ಕ್ ಕೂರಿಸಿ ಚಕ್ರ ಹಾಕಿದ ಮೇಲೆ ಬೈಕಿನ ಮುಂಭಾಗವನ್ನು ನಾಲ್ಕೈದು ಸಲ ಒತ್ತಿ, ಆಮೇಲೆ ಆಕ್ಸಲನ್ನು ಹಿಡಿದಿಡುವ ಪಿಂಚ್ ಬೋಲ್ಟ್ ಬಿಗಿಮಾಡಿ. ಹೊರಡುವ ಮೊದಲು ಬ್ರೇಕ್ ಲಿವರ್ ಗಟ್ಟಿಯಾಗುವವರೆಗೆ ಒತ್ತುವುದನ್ನು ಮರೆಯಬೇಡಿ.

ಒಂದು ಬಗೆಯ ಫೋರ್ಕನ್ನು ಮಾತ್ರ ಮನೆಯಲ್ಲಿ ಬಿಚ್ಚಬೇಡಿ: ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450ರಂತೆ ತಲೆಕೆಳಗಾದದ್ದು, ಅಂದರೆ ದಪ್ಪ ಕೊಳವೆ ಮೇಲೆ, ಸಣ್ಣದು ಕೆಳಗೆ ಇರುವಂಥದ್ದು. ಅದರ ಒಳಗೆ ಕಾರ್ಟ್ರಿಜ್ (ಬೇರೆಯದೇ ಕೊಳವೆಯಲ್ಲಿರುವ ಡ್ಯಾಂಪರ್) ಇರುತ್ತದೆ, ವಿಶೇಷ ಟೂಲ್ ಬೇಕು. ಅದನ್ನು ನಮಗೆ ಬಿಡಿ. ಹಳೆ ಹಿಮಾಲಯನ್ 411ಕ್ಕೆ ಈ ಪತ್ರದ ವಿಧಾನ ನಡೆಯುತ್ತದೆ.

ಹಳೆ ಆಯಿಲನ್ನು ಚರಂಡಿಗೋ, ಕಾಫಿ ಗಿಡದ ಬುಡಕ್ಕೋ ಸುರಿಯಬೇಡಿ. ಆಯಿಲ್ ಮಾರಿದ ಡಬ್ಬಿಯಲ್ಲೇ ತುಂಬಿ ತನ್ನಿ. ಇಂಜಿನ್ ಆಯಿಲ್ ಜೊತೆ ಅದೂ ಪರವಾನಗಿ ಇರುವವರಿಗೆ ಹೋಗುತ್ತದೆ.

ಜೂನ್ ತಿಂಗಳಿಂದ ಈಚೆ ನಮ್ಮಲ್ಲಿ ಫೋರ್ಕ್ ಆಯಿಲ್ ಹಾಕಿಸಿದವರೆಲ್ಲ ಬೈಕ್ ತನ್ನಿ. ಎತ್ತರ ಅಳೆದು, ತಪ್ಪಿದ್ದರೆ ಸರಿಮಾಡಿ ಕೊಡುತ್ತೇವೆ. ಸೀಲ್ ಹಾಳಾಗಿದ್ದರೆ ಅದರ ಖರ್ಚೂ ನಮ್ಮದೇ. ಬರುವ ಮುಂಚೆ ಒಂದು ಫೋನ್ ಮಾಡಿ, ದಿನಕ್ಕೆ ಎರಡು ಬೈಕಿಗಿಂತ ಜಾಸ್ತಿ ತಗೊಳ್ಳಲು ಆಗುವುದಿಲ್ಲ. ಸೋಮವಾರ ಎಂದಿನಂತೆ ರಜೆ.

ಪ್ರೀತಿಯಿಂದ,
ನಿಮ್ಮ ವರ್ಕ್‌ಶಾಪ್ ಬಳಗ, ಸಕಲೇಶಪುರ